ಗ್ರಾಮ ಸಭೆಯಲ್ಲಿ ಕೇಳಿದ್ದೊಂದು, ಬಂದದ್ದೊಂದು: ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಚಿತ್ರದುರ್ಗ ಜಿಲ್ಲೆಯ ಓದುಗರೊಬ್ಬರು ಬರೆದಿರುವ ದೀರ್ಘ ಪತ್ರದ ಸಾರ ಹೀಗಿದೆ: ‘ನಮ್ಮೂರಿನ ಗ್ರಾಮ ಸಭೆಯಲ್ಲಿ ಮೂರು ವರ್ಷಗಳಿಂದ ಮೂರೇ ಕೆಲಸ ಕೇಳುತ್ತಿದ್ದೇವೆ. ಕೆರೆಯ ತೂಬು ದುರಸ್ತಿಯಾಗಬೇಕು, ಪರಿಶಿಷ್ಟರ ಕಾಲೊನಿಗೆ ಚರಂಡಿ ಆಗಬೇಕು, ಸ್ಮಶಾನಕ್ಕೆ ದಾರಿ ಬೇಕು. ಬಂದದ್ದು ಬಸ್ ನಿಲ್ದಾಣದ ಬಳಿ ಒಂದು ಹೈಮಾಸ್ಟ್ ದೀಪ, ಮತ್ತು ಮೊದಲೇ ಸಿ.ಸಿ. (ಕಾಂಕ್ರೀಟ್) ರಸ್ತೆ ಇದ್ದ ಬೀದಿಗೆ ಅದರ ಮೇಲೊಂದು ಸಿ.ಸಿ. ರಸ್ತೆ. ಗ್ರಾಮ ಸಭೆ ಎಂಬುದು ಫೋಟೊ ತೆಗೆಸಿಕೊಳ್ಳಲು ಸೇರುವ ಸಭೆಯಾಗಿದೆ. ಇದನ್ನು ನಿಲ್ಲಿಸಿ, ಯೋಜನೆ ಮಾಡುವ ಕೆಲಸವನ್ನು ತಾಲ್ಲೂಕಿನ ಅಧಿಕಾರಿಗಳಿಗೇ ಒಪ್ಪಿಸುವುದು ಮೇಲಲ್ಲವೇ?’

ಮಾನ್ಯರೇ,

ತಮ್ಮ ಸಿಟ್ಟು ನ್ಯಾಯವಾದದ್ದು. ತಾವು ಸೂಚಿಸಿರುವ ಪರಿಹಾರವನ್ನು ಮಾತ್ರ ಒಪ್ಪಲಾರೆ. ಗ್ರಾಮ ಸಭೆಯಲ್ಲಿ ಹೇಳಿದ ಮಾತು ಕ್ರಿಯಾ ಯೋಜನೆಗೆ, ಅಂದರೆ ಪಂಚಾಯಿತಿಯ ವರ್ಷದ ಕಾಮಗಾರಿಗಳ ಪಟ್ಟಿಗೆ, ಬಂದು ಸೇರುವಷ್ಟರಲ್ಲಿ ಎಲ್ಲಿ ಕಳೆದುಹೋಗುತ್ತದೆ ಎಂಬುದನ್ನು ಗುರುತಿಸದೆ ಸಭೆಯನ್ನೇ ತೆಗೆದುಹಾಕಿದರೆ, ಕಳೆದುಹೋಗಲಿಕ್ಕೂ ಅಲ್ಲಿ ಏನೂ ಉಳಿಯುವುದಿಲ್ಲ. ಆದ್ದರಿಂದ ತಮ್ಮ ಮೂರು ಬೇಡಿಕೆಗಳನ್ನೇ ಮುಂದಿಟ್ಟುಕೊಂಡು ಉತ್ತರಿಸುತ್ತೇನೆ.

ಮೊದಲು ತೂಬು. ಕರ್ನಾಟಕದಲ್ಲಿ 40 ಹೆಕ್ಟೇರಿಗಿಂತ ಹೆಚ್ಚು, 2,000 ಹೆಕ್ಟೇರಿನವರೆಗೆ ಅಚ್ಚುಕಟ್ಟು (ಕೆರೆಯ ನೀರು ಹರಿಯುವ ಜಮೀನು) ಇರುವ ಕೆರೆಗಳು ಸಣ್ಣ ನೀರಾವರಿ ಇಲಾಖೆಗೆ ಸೇರಿದವು. ಅದಕ್ಕಿಂತ ಚಿಕ್ಕವು ಪಂಚಾಯತ್ ರಾಜ್ ವ್ಯವಸ್ಥೆಯ ಹೊಣೆ. ತಮ್ಮೂರಿನ ಕೆರೆಯ ನೀರು ಎರಡು ಊರಿನ ಗದ್ದೆಗಳಿಗೆ ಹರಿಯುತ್ತದೆ ಎಂದು ಬರೆದಿದ್ದೀರಿ. ಹಾಗಿದ್ದರೆ ಅದು ಇಲಾಖೆಯ ಕೆರೆಯಾಗಿರುವ ಸಾಧ್ಯತೆ ಇದೆ, ಮತ್ತು ಆಗ ಗ್ರಾಮ ಪಂಚಾಯಿತಿ ತನ್ನ ಅನುದಾನದಲ್ಲಿ ತೂಬು ಮುಟ್ಟುವಂತಿಲ್ಲ. ಅದು ಮಾಡಬಹುದಾದದ್ದು ಒಂದು ನಿರ್ಣಯ ಅಂಗೀಕರಿಸಿ, ಇಲಾಖೆಯ ಸಹಾಯಕ ಕಾರ್ಯಪಾಲಕ ಎಂಜಿನಿಯರ್ ಕಚೇರಿಗೆ ಕಳಿಸಿ, ಸ್ವೀಕೃತಿ ಪಡೆದು, ಬೆನ್ನು ಹತ್ತುವುದು. ಮೂರು ವರ್ಷಗಳಲ್ಲಿ ಅಂಥದೊಂದು ಪತ್ರ ಹೋಗಿದೆಯೇ ಎಂದು ತಾವು ಕೇಳಿದಂತಿಲ್ಲ. ಪಂಚಾಯಿತಿಯವರೂ ತಾವಾಗಿ ಹೇಳಿದಂತಿಲ್ಲ.

ಸ್ಮಶಾನದ ದಾರಿ ಮೊದಲು ಕಂದಾಯ ಇಲಾಖೆಯ ವಿಷಯ, ಆಮೇಲೆ ಪಂಚಾಯಿತಿಯದು. ಗ್ರಾಮ ನಕಾಶೆಯಲ್ಲಿ ಕಂಡ ದಾರಿ ಇದ್ದು ಅದು ಒತ್ತುವರಿಯಾಗಿದ್ದರೆ ಅಳತೆ ಮಾಡಿಸಿ ತೆರವುಗೊಳಿಸುವ ಅಧಿಕಾರ ತಹಶೀಲ್ದಾರರದು. ನಕಾಶೆಯಲ್ಲಿ ದಾರಿಯೇ ಇಲ್ಲದಿದ್ದರೆ ಖಾಸಗಿ ಹಿಡುವಳಿಯವರ ಒಪ್ಪಿಗೆಯೋ ಭೂಮಿಯ ಖರೀದಿಯೋ ಆಗಬೇಕು. ನೆಲದ ಪ್ರಶ್ನೆ ತೀರಿದ ಮೇಲೆ ಮಣ್ಣು ಹಾಕುವುದು ದೊಡ್ಡ ಮಾತಲ್ಲ. ಉದ್ಯೋಗ ಖಾತ್ರಿಯಲ್ಲಿ ಅಂಥ ಕೆಲಸಗಳು ರಾಜ್ಯದ ಎಷ್ಟೋ ಊರುಗಳಲ್ಲಿ ನಡೆದಿವೆ. ನೆಲದ ಪ್ರಶ್ನೆ ತೀರದೆ ಅದನ್ನು ಕ್ರಿಯಾ ಯೋಜನೆಗೆ ಸೇರಿಸಿದರೆ ಮಾರ್ಚ್ ತಿಂಗಳಲ್ಲಿ ‘ಸ್ಥಳದ ತಕರಾರು’ ಎಂದು ಷರಾ ಬರೆದು ಆ ಹಣವನ್ನು ಮತ್ತೊಂದು ಸಿ.ಸಿ. ರಸ್ತೆಗೆ ತಿರುಗಿಸುತ್ತಾರೆ.

ಇನ್ನು ಚರಂಡಿ. ತಮ್ಮ ಮೂರು ಬೇಡಿಕೆಗಳಲ್ಲಿ ಪಂಚಾಯಿತಿಗೆ ಯಾವ ನೆಪವೂ ಇಲ್ಲದ ಬೇಡಿಕೆ ಇದೊಂದೇ. 15ನೇ ಹಣಕಾಸು ಆಯೋಗವು 2021-22ರಿಂದ 2025-26ರವರೆಗಿನ ಅವಧಿಗೆ ಗ್ರಾಮೀಣ ಸ್ಥಳೀಯ ಸಂಸ್ಥೆಗಳ ಅನುದಾನವನ್ನು ಹಂಚುವಾಗ ಶೇ 60 ಭಾಗವನ್ನು ನಿರ್ದಿಷ್ಟ ಉದ್ದೇಶಗಳಿಗೆ ಕಟ್ಟಿಹಾಕಿತು: ಶೇ 30 ಕುಡಿಯುವ ನೀರು, ಮಳೆ ನೀರು ಸಂಗ್ರಹ ಮತ್ತು ನೀರಿನ ಮರುಬಳಕೆಗೆ, ಶೇ 30 ನೈರ್ಮಲ್ಯಕ್ಕೆ. ಪಂಚಾಯಿತಿಯವರು ಇದನ್ನೇ ಟೈಡ್ ಅನುದಾನ ಎನ್ನುತ್ತಾರೆ. ಉಳಿದ ಶೇ 40 ಮಾತ್ರ ಊರಿನ ಅಗತ್ಯ ನೋಡಿ ಖರ್ಚು ಮಾಡುವ ಹಣವಾಗಿತ್ತು, ಅದರಲ್ಲೂ ಸಂಬಳ ಮತ್ತು ಕಚೇರಿ ವೆಚ್ಚಕ್ಕೆ ಬಳಸುವಂತಿರಲಿಲ್ಲ. ಬಚ್ಚಲು ನೀರು ಹರಿದುಹೋಗುವ ವ್ಯವಸ್ಥೆ ನೈರ್ಮಲ್ಯದ ಬಾಬ್ತಿಗೆ ಸಲ್ಲುತ್ತಿತ್ತು. ಅಂದರೆ ಕಾಲೊನಿಯ ಚರಂಡಿಗೆ ಹಣದ ಗಂಟು ಬೇರೆಯಾಗಿಯೇ ಇತ್ತು; ಅದು ರಸ್ತೆಯೊಡನೆ ಪೈಪೋಟಿ ಮಾಡಬೇಕಾದ ಪ್ರಮೇಯವೇ ಇರಲಿಲ್ಲ. ಆ ವರ್ಷಗಳಲ್ಲಿ ಈ ಬಾಬ್ತಿನ ಹಣ ಎಲ್ಲಿ ಖರ್ಚಾಯಿತು ಎಂಬುದು ಕೇಳಲೇಬೇಕಾದ ಪ್ರಶ್ನೆ. ವರ್ಷಕ್ಕೊಮ್ಮೆ ನಡೆಯಬೇಕಾದ ಜಮಾಬಂದಿ ಇರುವುದೇ ಇಂಥ ಪ್ರಶ್ನೆಗಾಗಿ. ಅಲ್ಲಿ ಲೆಕ್ಕಪುಸ್ತಕವನ್ನೂ ಕಾಮಗಾರಿಯನ್ನೂ ಜನರೆದುರು ತಾಳೆ ನೋಡಬೇಕು. ನಮ್ಮಲ್ಲಿ ಗ್ರಾಮ ಸಭೆಗೆ ಹೋಗುವವರೇ ವಿರಳ, ಜಮಾಬಂದಿಗೆ ಹೋಗುವವರು ಇನ್ನೂ ವಿರಳ.

ಹಾಗಾದರೆ ಚರಂಡಿಯನ್ನು ಬಿಟ್ಟು ರಸ್ತೆಯೇ ಯಾಕೆ ಗೆಲ್ಲುತ್ತದೆ? ಕಮಿಷನ್ನಿನ ಮಾತನ್ನು ತಾವು ಬರೆದಿದ್ದೀರಿ; ಅದಿಲ್ಲವೆಂದು ಹೇಳುವಷ್ಟು ಮುಗ್ಧತೆ ನನಗಿಲ್ಲ. ಆದರೆ ಎಲ್ಲವನ್ನೂ ಅದರ ತಲೆಗೆ ಕಟ್ಟಿದರೆ ಪ್ರಾಮಾಣಿಕರಾದ ಸದಸ್ಯರಿರುವ ಪಂಚಾಯಿತಿಗಳಲ್ಲೂ ರಸ್ತೆಯೇ ಗೆಲ್ಲುವುದೇಕೆ ಎಂಬುದು ತಿಳಿಯುವುದಿಲ್ಲ. ಉದ್ದ, ಅಗಲ, ದಪ್ಪ ಗುಣಿಸಿದರೆ ರಸ್ತೆಯ ಅಂದಾಜು ಪಟ್ಟಿ ಸಿದ್ಧ. ಕಿರಿಯ ಎಂಜಿನಿಯರಿಗೆ ಅದು ಒಂದು ಬೆಳಗಿನ ಕೆಲಸ. ಹಣ ಬಂದದ್ದು ತಡವಾಗಿ, ವರ್ಷ ಮುಗಿಯುವುದು ಮಾರ್ಚ್ 31ಕ್ಕೆ ಎಂದಾಗ ವಾರದಲ್ಲಿ ಮುಗಿದು ಬಿಲ್ ಆಗುವ ಕೆಲಸಕ್ಕೇ ಎಲ್ಲರ ಕೈ ಹೋಗುತ್ತದೆ. ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಬಂದ ಹಣವನ್ನು ಸದಸ್ಯರ ಸಂಖ್ಯೆಯಿಂದ ಭಾಗಿಸಿ ‘ಒಬ್ಬೊಬ್ಬರಿಗೆ ಇಷ್ಟು’ ಎಂದು ಹಂಚಿಕೊಳ್ಳುವ ಪದ್ಧತಿ ಅನೇಕ ಪಂಚಾಯಿತಿಗಳಲ್ಲಿ ಬೇರೂರಿದೆ. ಇದು ಜಗಳ ತಪ್ಪಿಸುತ್ತದೆ, ನಿಜ. ಆದರೆ ಯೋಜನೆಯನ್ನೂ ತಪ್ಪಿಸುತ್ತದೆ.

ಇದರ ಪರಿಣಾಮ ಚರಂಡಿಯಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ. ರಸ್ತೆಯನ್ನು ತುಂಡು ತುಂಡಾಗಿ ಮಾಡಬಹುದು. ಐವತ್ತು ಮೀಟರ್ ರಸ್ತೆಯಾದರೆ ಐವತ್ತು ಮೀಟರಿನಷ್ಟು ಉಪಯೋಗ ಇದ್ದೇ ಇದೆ. ಚರಂಡಿ ಹಾಗಲ್ಲ. ನೀರು ಕೊನೆಗೆ ಹಳ್ಳಕ್ಕೆ ಸೇರಬೇಕೋ ಇಂಗುಗುಂಡಿಗೆ ಸೇರಬೇಕೋ ಎಂಬುದು ಮೊದಲು ತೀರ್ಮಾನವಾಗಬೇಕು, ಕೆಲಸ ಆ ತಗ್ಗಿನ ತುದಿಯಿಂದ ಶುರುವಾಗಿ ಮೇಲಕ್ಕೆ ಬರಬೇಕು. ನಮ್ಮಲ್ಲಿ ನಡೆಯುವುದು ಇದರ ತದ್ವಿರುದ್ಧ. ಸದಸ್ಯರ ಪಾಲಿನ ಹಣದಲ್ಲಿ ಅವರ ವಾರ್ಡಿನ ಮೇಲಿನ ಮನೆಗಳಿಂದ ಬಾಕ್ಸ್ ಚರಂಡಿ ಕಟ್ಟುತ್ತ ಬರುತ್ತಾರೆ, ಹಣ ಮುಗಿದಲ್ಲಿ ಚರಂಡಿಯೂ ನಿಲ್ಲುತ್ತದೆ, ಅಷ್ಟೂ ಮನೆಗಳ ಬಚ್ಚಲು ನೀರು ಮುಂದಿನ ವಾರ್ಡಿನ ಮೊದಲ ಮನೆಯ ಬಾಗಿಲಲ್ಲಿ ಮಡುಗಟ್ಟುತ್ತದೆ. ಆ ಮನೆಯವರು ಮಣ್ಣಿನ ಒಡ್ಡು ಹಾಕುತ್ತಾರೆ, ನೀರು ಹಿಂದಕ್ಕೆ ಬರುತ್ತದೆ, ಬೈಗುಳ ಶುರುವಾಗುತ್ತದೆ. ಕಾಲೊನಿಗಳು ಬಹುಮಟ್ಟಿಗೆ ಊರ ತಗ್ಗಿನಲ್ಲಿರುವುದರಿಂದ ಇಡೀ ಊರಿನ ಕೊಚ್ಚೆ ಹೋಗಿ ನಿಲ್ಲುವುದು ಅಲ್ಲಿಯೇ. ಇದರ ನಡುವೆ 2019ರಲ್ಲಿ ಘೋಷಣೆಯಾದ ಜಲ ಜೀವನ್ ಮಿಷನ್ ಪೈಪು ಹಾಕಲು ಎಷ್ಟೋ ಊರುಗಳಲ್ಲಿ ಹೊಸ ಸಿ.ಸಿ. ರಸ್ತೆಯನ್ನೇ ಅಗೆದರು. ದಿನಕ್ಕೆ ತಲಾ 55 ಲೀಟರ್ ನೀರು ಮನೆ ಬಾಗಿಲಿಗೆ ಬಂದರೆ ಹೊರಹೋಗುವ ಬಚ್ಚಲು ನೀರೂ ಹೆಚ್ಚುತ್ತದೆ ಎಂಬುದನ್ನು ಯೋಚಿಸಿ ಚರಂಡಿಯನ್ನೂ ಜೊತೆಗೇ ಯೋಜಿಸಿದ ಊರುಗಳು ಎಷ್ಟು?

ಹೈಮಾಸ್ಟ್ ದೀಪದ ಬಗ್ಗೆ ಒಂದೇ ಮಾತು: ಅದನ್ನು ಯಾವ ಅನುದಾನದಲ್ಲಿ ಯಾರು ಹಾಕಿಸಿದರೂ ತಿಂಗಳ ವಿದ್ಯುತ್ ಬಿಲ್ ಬರುವುದು ಪಂಚಾಯಿತಿಗೆ.

ಕಾನೂನಿನಲ್ಲಿ ಕೊರತೆಯಿದೆಯೇ ಎಂದು ನೋಡಿದರೆ, ಇಲ್ಲ. ಪಂಚಾಯಿತಿಗಳಿಗೆ ಸಂವಿಧಾನದಲ್ಲಿ ಸ್ಥಾನ ಕೊಟ್ಟ 73ನೇ ತಿದ್ದುಪಡಿಯ ಬೆನ್ನಿಗೇ ಬಂದ ನಮ್ಮ 1993ರ ಪಂಚಾಯತ್ ರಾಜ್ ಅಧಿನಿಯಮ, ಅನಂತರದ ತಿದ್ದುಪಡಿಗಳೊಡನೆ, ಗ್ರಾಮ ಸಭೆಗಿಂತ ಮೊದಲು ವಾರ್ಡ್ ಸಭೆ ನಡೆಯಬೇಕೆಂದು ಹೇಳುತ್ತದೆ. ಪ್ರಸ್ತಾವನೆಗಳನ್ನು ರೂಪಿಸುವುದು, ಅವುಗಳ ಆದ್ಯತೆಯ ಕ್ರಮವನ್ನು ನಿರ್ಧರಿಸುವುದು ವಾರ್ಡ್ ಸಭೆಯ ಕೆಲಸ. ಅದಕ್ಕೆ ಬೇಕಾದ ಕೋರಂ ವಾರ್ಡಿನ ಮತದಾರರ ಹತ್ತನೇ ಒಂದು ಭಾಗ ಇಲ್ಲವೇ 20 ಮಂದಿ, ಇವೆರಡರಲ್ಲಿ ಕಡಿಮೆಯಾದದ್ದು. ಇಪ್ಪತ್ತು ಜನ ಒಂದು ಜಗಲಿಯ ಮೇಲೆ ಕೂತು ಮಾತಾಡುವುದು ಕಷ್ಟವೇ? ತಮ್ಮ ಪತ್ರ ಎರಡು ಬಾರಿ ಓದಿದರೂ ವಾರ್ಡ್ ಸಭೆಯ ಪ್ರಸ್ತಾಪ ಕಾಣಲಿಲ್ಲ. ಬಹುಶಃ ಅದು ಪುಸ್ತಕದಲ್ಲಿ ಸಹಿಗಳಾಗಿ ಮಾತ್ರ ನಡೆದಿದೆ. ನನ್ನ ಅಭಿಪ್ರಾಯದಲ್ಲಿ ಊರಿನ ಮಾತು ಕಳೆದುಹೋಗುವ ಜಾಗ ಇದೇ. ವಾರ್ಡಿನಲ್ಲಿ ಆಗಬೇಕಾದ ಚರ್ಚೆ ಆಗದೆ ನಾಲ್ಕೈದು ಊರಿನವರು ನೇರವಾಗಿ ಗ್ರಾಮ ಸಭೆಗೆ ಬಂದರೆ ಅಲ್ಲಿ ಎಲ್ಲರೂ ಎಲ್ಲವನ್ನೂ ಕೇಳುತ್ತಾರೆ, ಯಾರೂ ಯಾವುದನ್ನೂ ಮೊದಲನೆಯದು ಎನ್ನುವುದಿಲ್ಲ. ಕೊನೆಗೆ ನಡಾವಳಿ ಪುಸ್ತಕದಲ್ಲಿ ‘ಗ್ರಾಮಸ್ಥರು ಮೂಲ ಸೌಕರ್ಯಗಳನ್ನು ಕಲ್ಪಿಸಲು ಕೋರಿದ್ದು, ಅನುದಾನದ ಲಭ್ಯತೆಯ ಮೇರೆಗೆ ಕ್ರಮ ಕೈಗೊಳ್ಳಲು ತೀರ್ಮಾನಿಸಲಾಯಿತು’ ಎಂಬ ಒಂದು ಸಾಲು ಬೀಳುತ್ತದೆ. ಆ ಸಾಲಿನೊಳಗೆ ತೂಬೂ ಇದೆ, ಚರಂಡಿಯೂ ಇದೆ, ಹೈಮಾಸ್ಟ್ ದೀಪವೂ ಇದೆ. ಅದರಿಂದ ಏನನ್ನು ಬೇಕಾದರೂ ಹೊರತೆಗೆಯಬಹುದು, ಮತ್ತು ಹಾಗೆ ತೆಗೆದವರು ಗ್ರಾಮ ಸಭೆಯ ನಿರ್ಣಯದಂತೆಯೇ ನಡೆದಿದ್ದೇವೆ ಎಂದು ಹೇಳಲೂಬಹುದು.

ಆದ್ದರಿಂದ ಮುಂದಿನ ಸಭೆಯಲ್ಲಿ ಕೆಲಸವನ್ನು ಕೇಳುವುದಕ್ಕಿಂತ ಕ್ರಮವನ್ನು ಬರೆಸಿ ಎಂಬುದು ನನ್ನ ಸಲಹೆ. ಮೊದಲನೆಯದು ಯಾವುದು, ಎರಡನೆಯದು ಯಾವುದು, ಪ್ರತಿಯೊಂದಕ್ಕೂ ಹಣ ಯಾವ ಬಾಬ್ತಿನದು, ಪಂಚಾಯಿತಿಯದಲ್ಲದ ಕೆಲಸವಾದರೆ ಯಾವ ಇಲಾಖೆಗೆ ಪತ್ರ ಹೋಗಬೇಕು, ಇಷ್ಟೂ ನಡಾವಳಿಯಲ್ಲಿ ಬರಲಿ. ಓದಿ ಹೇಳಿಸಿದ ಮೇಲೆ ಸಹಿ ಹಾಕಿ. ಖಾಲಿ ಹಾಳೆಯ ಮೇಲೆ ಹಾಕಬೇಡಿ. ಪ್ರತಿ ಕೇಳಿ, ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಮುಂದಿನ ವರ್ಷದ ಯೋಜನೆಗೆ ಸಭೆಗಳು ಸಾಮಾನ್ಯವಾಗಿ ಅಕ್ಟೋಬರ್ 2ರಿಂದ ಶುರುವಾಗುತ್ತವೆ. ಜನವರಿಯಲ್ಲಿ ಎದ್ದು ಕೇಳಿದರೆ ‘ಯೋಜನೆ ಈಗಾಗಲೇ ಅನುಮೋದನೆಗೆ ಹೋಗಿದೆ’ ಎಂಬ ಉತ್ತರ ಸಿದ್ಧವಿರುತ್ತದೆ.

ಕ್ರಮದ ಮಾತು ಬಂದಿದ್ದರಿಂದ ಒಂದು ಪ್ರಶ್ನೆಯನ್ನು ಬೇಸರಪಟ್ಟುಕೊಳ್ಳದೆ ಕೇಳಿಸಿಕೊಳ್ಳಬೇಕು. ತಮ್ಮ ಪಟ್ಟಿಯಲ್ಲಿ ತೂಬು ಮೊದಲು, ಕಾಲೊನಿಯ ಚರಂಡಿ ಎರಡನೆಯದು. ಈ ಕ್ರಮವನ್ನು ನಿರ್ಧರಿಸಿದವರು ಯಾರು? ತೂಬಿನಿಂದ ಉಪಯೋಗವಾಗುವುದು ಅಚ್ಚುಕಟ್ಟಿನಲ್ಲಿ ಜಮೀನು ಇರುವವರಿಗೆ. ಚರಂಡಿಯಿಂದ ಉಪಯೋಗವಾಗುವುದು ಬಹುಶಃ ಅಲ್ಲಿ ಜಮೀನು ಇಲ್ಲದವರಿಗೆ. ಸಭೆಯಲ್ಲಿ ಕೈಯೆತ್ತಿಸಿ ಎಣಿಸಿದರೆ ಹದಿನೈದು ಮನೆಯ ಕಾಲೊನಿ ಯಾವತ್ತೂ ಮೊದಲ ಸ್ಥಾನಕ್ಕೆ ಬರುವುದಿಲ್ಲ. ಗ್ರಾಮ ಸಭೆಯ ಹಾಜರಾತಿಯಲ್ಲಿ ಪರಿಶಿಷ್ಟರಿಗೂ ಮಹಿಳೆಯರಿಗೂ ಕಾನೂನು ಪ್ರಾತಿನಿಧ್ಯವನ್ನು ಕಡ್ಡಾಯ ಮಾಡಿರುವುದು ಈ ಕಾರಣಕ್ಕೆ. ಆದರೆ ಹಾಜರಿರುವುದು ಬೇರೆ, ಮಾತಾಡುವುದು ಬೇರೆ. ಕೊಚ್ಚೆ ದಾಟಿ ನೀರು ತರುವ ಹೆಣ್ಣುಮಕ್ಕಳು ಸಭೆಯ ಹಿಂದಿನ ಸಾಲಿನಲ್ಲಿ ನಿಂತು ಹೋದರೆ ಆ ಚರಂಡಿ ಮೊದಲನೆಯದಾಗುವುದು ಹೇಗೆ? ಮಹಿಳಾ ಗ್ರಾಮ ಸಭೆಯನ್ನೂ ಮಕ್ಕಳ ಗ್ರಾಮ ಸಭೆಯನ್ನೂ ಬೇರೆಯಾಗಿ ನಡೆಸುವ ವ್ಯವಸ್ಥೆ ನಮ್ಮ ರಾಜ್ಯದಲ್ಲಿದೆ. ಅಲ್ಲಿ ಬರುವ ಪಟ್ಟಿಯನ್ನು ತಮ್ಮ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿ. ಎರಡೂ ಒಂದೇ ಆಗಿರಲಾರವು.

ಅಧಿಕಾರಿಗಳಿಗೇ ಒಪ್ಪಿಸಬೇಕೆಂಬ ಮಾತಿಗೆ ಬರುತ್ತೇನೆ. ಈ ಪ್ರಯೋಗ ನಮ್ಮಲ್ಲಿ ಹೊಸದಲ್ಲ. ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ಅವರು ಪಟ್ಟುಹಿಡಿದು ತಂದ 1983ರ ಕಾನೂನಿನಂತೆ 1987ರಲ್ಲಿ ಮಂಡಲ ಪಂಚಾಯಿತಿಗಳೂ ಜಿಲ್ಲಾ ಪರಿಷತ್ತುಗಳೂ ಚುನಾಯಿತವಾದವು. ಅವುಗಳ ಅವಧಿ 1992ರಲ್ಲಿ ಮುಗಿದಾಗ ಚುನಾವಣೆಯ ಬದಲು ಆಡಳಿತಾಧಿಕಾರಿಗಳು ಬಂದರು. ಹಳ್ಳಿಗಳಲ್ಲಿ ಮತ್ತೆ ಚುನಾವಣೆ ನಡೆದದ್ದು 1993ರ ಕೊನೆಗೆ. 2016ರಲ್ಲಿ ಆಯ್ಕೆಯಾದ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೂ ಅದೇ ಆಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕೆಂದು ಸಂವಿಧಾನ ಹೇಳಿದ್ದರೂ ವರ್ಷಗಟ್ಟಲೆ ಆ ಸ್ಥಾನಗಳು ಖಾಲಿ ಬಿದ್ದವು. ಜಿಲ್ಲೆಯ ಯೋಜನೆಗಳನ್ನು ಒಟ್ಟುಗೂಡಿಸಬೇಕಾದ ಜಿಲ್ಲಾ ಯೋಜನಾ ಸಮಿತಿಯ ಐದರಲ್ಲಿ ನಾಲ್ಕು ಪಾಲು ಸದಸ್ಯರು ಜಿಲ್ಲಾ ಪಂಚಾಯಿತಿ ಮತ್ತು ನಗರ ಸಂಸ್ಥೆಗಳ ಚುನಾಯಿತರ ನಡುವಿನಿಂದ ಬರಬೇಕು. ಜಿಲ್ಲಾ ಪಂಚಾಯಿತಿಯೇ ಇಲ್ಲದಿದ್ದರೆ ಹಳ್ಳಿಗಳ ಪರವಾಗಿ ಆ ಸಮಿತಿಯಲ್ಲಿ ಕೂರುವವರು ಯಾರು? ತಾಲ್ಲೂಕಿನಲ್ಲಿ ಅಧಿಕಾರಿಗಳೇ ಎಲ್ಲವನ್ನೂ ನೋಡಿಕೊಂಡ ಆ ವರ್ಷಗಳಲ್ಲಿ ತಮ್ಮ ತೂಬು ದುರಸ್ತಿಯಾಗಲಿಲ್ಲ ಎಂಬುದನ್ನು ತಮ್ಮ ಪತ್ರವೇ ಹೇಳುತ್ತದೆ. ಒಳ್ಳೆಯ ಅಧಿಕಾರಿಗಳಿದ್ದಾರೆ, ಒಪ್ಪುತ್ತೇನೆ. ಅವರಿಗೆ ವರ್ಗಾವಣೆಯೂ ಇದೆ.

ಮನೆ ಕಂದಾಯದ ಬಗ್ಗೆ ತಾವು ಏನೂ ಬರೆದಿಲ್ಲ, ಆದರೆ ಅದು ಈ ವಿಷಯಕ್ಕೆ ಸೇರಿದ್ದೇ. ಮೇಲಿನಿಂದ ಬರುವ ಹಣಕ್ಕೆ ಮೇಲಿನವರ ಷರತ್ತು ಅಂಟಿಕೊಂಡೇ ಬರುತ್ತದೆ. ಪಂಚಾಯಿತಿಯ ಸ್ವಂತ ವರಮಾನಕ್ಕೆ ಆ ಬಿಗಿ ಇಲ್ಲ, ನೀರುಗಂಟಿಯ ಸಂಬಳದಂಥ ಖರ್ಚುಗಳಿಗೂ ಅದೇ ಆಸರೆ. ಬೇಡಿಕೆ ಎಷ್ಟು, ವಸೂಲಿ ಎಷ್ಟು ಎಂಬ ತಃಖ್ತೆಯನ್ನು ಮುಂದಿನ ಗ್ರಾಮ ಸಭೆಯಲ್ಲಿ ಓದಿಸಿ. ಬಾಕಿದಾರರ ಹೆಸರುಗಳಲ್ಲಿ ಊರಿನ ದೊಡ್ಡ ಮನೆಗಳು ಇದ್ದರೆ ಸಭೆ ಸ್ವಲ್ಪ ಬಿಸಿಯಾಗಬಹುದು, ಆಗಲಿ.

ಇನ್ನುಳಿದದ್ದು ಎರಡು ವಿಷಯ. ಸ್ಮಶಾನದ ದಾರಿಗೆ ಗ್ರಾಮ ಸಭೆಯವರೆಗೆ ಕಾಯಬೇಕಾಗಿಲ್ಲ: ಗ್ರಾಮ ನಕಾಶೆಯ ಪ್ರತಿ ಪಡೆದು, ಅಳತೆ ಮಾಡಿಸಿಕೊಡುವಂತೆ ತಹಶೀಲ್ದಾರರಿಗೆ ಈಗಲೇ ಅರ್ಜಿ ಕೊಡಬಹುದು, ಊರಿನವರ ಸಹಿಗಳೊಡನೆ ಕೊಟ್ಟರೆ ಒಳ್ಳೆಯದು. ತಮ್ಮ ಪತ್ರದಲ್ಲಿದ್ದ ಸದಸ್ಯರ ಮತ್ತು ಗುತ್ತಿಗೆದಾರರ ಹೆಸರುಗಳನ್ನು ನಾವು ಪ್ರಕಟಿಸಿಲ್ಲ. ಅವರ ಮಾತು ಕೇಳದೆ ಪ್ರಕಟಿಸುವುದು ಪತ್ರಿಕೆಯ ಪದ್ಧತಿಯಲ್ಲ. ಕಳೆದ ಮೂರು ವರ್ಷಗಳ ನಡಾವಳಿಯ ಪ್ರತಿಗಳು ಸಿಕ್ಕರೆ ಕಳಿಸಿಕೊಡಿ. ಪಂಚಾಯಿತಿಯವರು ಉತ್ತರ ಬರೆದರೆ ಅದನ್ನೂ ಇದೇ ಪುಟದಲ್ಲಿ ಪ್ರಕಟಿಸುತ್ತೇವೆ.

ಸಂಪಾದಕ