ಚೀಟಿ ಕೊಟ್ಟವರು ಯಾರು, ಮೊದಲು ಅದನ್ನು ನೋಡಿ

ಗಾಡಿ ನಿಲ್ಲಿಸಿದ್ದಕ್ಕೆ ಬಂದ ನೋಟಿಸು, ಕಳೆದ ಟೋಕನ್ನು, ಚಕ್ರಕ್ಕೆ ಬಿದ್ದ ಬೀಗ: ತುಮಕೂರು ಜಿಲ್ಲೆಯ ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಗ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಓದುತ್ತಿದ್ದಾನೆ. ಹಳೇ ಕಾರೊಂದನ್ನು ತೆಗೆದುಕೊಂಡಿದ್ದಾನೆ, ಅವನ ಹೆಸರಿನಲ್ಲೇ ಇದೆ. ಮಾರ್ಚ್ 3ರಂದು ಒಂದು ಸೂಪರ್ ಮಾರ್ಕೆಟ್ಟಿನ ಕಾರ್ ಪಾರ್ಕಿನಲ್ಲಿ ನಿಲ್ಲಿಸಿದ್ದ. ಅಲ್ಲಿ ಎರಡು ಗಂಟೆ ಉಚಿತ. ಕ್ಯಾಮೆರಾ ಲೆಕ್ಕದಲ್ಲಿ 2 ಗಂಟೆ 18 ನಿಮಿಷ ಆಗಿದೆಯಂತೆ. 100 ಪೌಂಡ್ ಕಟ್ಟಿ, 14 ದಿನದೊಳಗೆ ಕಟ್ಟಿದರೆ 60 ಸಾಕು ಎಂದು ಕಂಪನಿಯೊಂದರಿಂದ ಪತ್ರ ಬಂದಿದೆ. ಪತ್ರದ ತಾರೀಖು ಮಾರ್ಚ್ 19. ಗಾಜಿನ ಮೇಲೆ ಯಾವ ಚೀಟಿಯನ್ನೂ ಅಂಟಿಸಿರಲಿಲ್ಲ. ಪೊಲೀಸ್ ಕೇಸಾಗುತ್ತದೆಯೇ? ಗೆಳೆಯರು ಹರಿದು ಬಿಸಾಡು ಎನ್ನುತ್ತಿದ್ದಾರಂತೆ.
ಒಬ್ಬ ತಂದೆ, ತಿಪಟೂರು

ಉತ್ತರ: ಪೊಲೀಸ್ ಕೇಸಾಗುವುದಿಲ್ಲ. ಹಾಗೆಂದು ಹರಿದು ಬಿಸಾಡುವ ಕಾಗದವೂ ಅಲ್ಲ.

ಆ ಪತ್ರದ ತಲೆಬರಹವನ್ನು ಮಗನಿಗೆ ಓದಲು ಹೇಳಿ. ‘ಪೆನಾಲ್ಟಿ ಚಾರ್ಜ್ ನೋಟಿಸ್’ ಎಂದಿದ್ದರೆ ಅದು ಅಲ್ಲಿನ ಕೌನ್ಸಿಲ್‌ನಂಥ ಸರ್ಕಾರಿ ಸಂಸ್ಥೆ ಹಾಕಿದ ದಂಡ. ‘ಪಾರ್ಕಿಂಗ್ ಚಾರ್ಜ್ ನೋಟಿಸ್’ ಎಂದಿದ್ದರೆ ಖಾಸಗಿ ಕಂಪನಿಯ ಬೇಡಿಕೆ. ಎರಡನ್ನೂ ಪಿಸಿಎನ್ ಎಂದೇ ಕರೆಯುವುದರಿಂದ ಜನ ಮೋಸಹೋಗುತ್ತಾರೆ. ನೀವು ಬರೆದಿರುವುದನ್ನು ನೋಡಿದರೆ ಇದು ಎರಡನೆಯದು. ಬೋರ್ಡು ಓದಿ ಒಳಗೆ ಬಂದಿರಿ, ಆದ್ದರಿಂದ ಅದರ ಷರತ್ತಿಗೆ ಒಪ್ಪಿದಿರಿ ಎಂಬ ಕರಾರಿನ ವಾದದ ಮೇಲೆ ಅದು ನಿಂತಿದೆ.

ನಿಮ್ಮ ಮಗನ ಬಲ ಇರುವುದು ತಾರೀಖಿನಲ್ಲಿ. 2012ರ ಪ್ರೊಟೆಕ್ಷನ್ ಆಫ್ ಫ್ರೀಡಮ್ಸ್ ಆಕ್ಟ್‌ನ 4ನೇ ಪರಿಶಿಷ್ಟ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಅನ್ವಯಿಸುತ್ತದೆ. ಓಡಿಸಿದವರು ಯಾರೆಂದು ಕಂಪನಿಗೆ ಗೊತ್ತಿಲ್ಲದಿದ್ದರೂ ನೋಂದಾಯಿತ ಕೀಪರ್‌ನಿಂದ (ದಾಖಲೆಯಲ್ಲಿ ಗಾಡಿ ಯಾರ ಹೆಸರಿನಲ್ಲಿದೆಯೋ ಅವರಿಂದ) ಹಣ ಕೇಳಲು ಅದು ದಾರಿ ಕೊಡುತ್ತದೆ, ಆದರೆ ಗಡುವು ಹಾಕಿ. ಗಾಜಿಗೆ ಚೀಟಿ ಅಂಟಿಸದೆ ಬರೀ ಕ್ಯಾಮೆರಾ ನೋಡಿ ಕಳಿಸುವುದಾದರೆ, ಗಾಡಿ ನಿಲ್ಲಿಸಿದ ಮರುದಿನದಿಂದ ಎಣಿಸಿ 14 ದಿನದೊಳಗೆ ನೋಟಿಸು ಕೈಸೇರಬೇಕು. ಮಾರ್ಚ್ 4ರಿಂದ ಎಣಿಸಿದರೆ 17ಕ್ಕೆ ಗಡುವು ಮುಗಿಯಿತು. 19ರ ತಾರೀಖಿನ ಪತ್ರ 17ಕ್ಕೆ ತಲುಪಿರಲು ಸಾಧ್ಯವೇ ಇಲ್ಲ. ಆದ್ದರಿಂದ ಕೀಪರ್ ಎಂಬ ಕಾರಣಕ್ಕೆ ಅವನಿಂದ ವಸೂಲಿ ಮಾಡುವ ಹಕ್ಕು ಕಂಪನಿಗೆ ಉಳಿದಿಲ್ಲ. ಓಡಿಸಿದವರ ಮೇಲಿನ ಹಕ್ಕು ಹಾಗೇ ಇರುತ್ತದೆ, ಆದರೆ ಓಡಿಸಿದವರು ಯಾರೆಂದು ಕಂಪನಿಯೇ ತೋರಿಸಬೇಕು.

ಇಲ್ಲೇ ಬಹಳ ಜನ ಎಡವುವುದು. ‘ನಾನು ಗಾಡಿ ನಿಲ್ಲಿಸಿದ್ದೆ, ಬಿಲ್ಲಿಂಗ್ ಕ್ಯೂ ಉದ್ದ ಇತ್ತು’ ಎಂದು ಕ್ಷಮೆ ಕೇಳುವ ಧಾಟಿಯಲ್ಲಿ ಬರೆದುಬಿಡುತ್ತಾರೆ. ಆ ಒಂದು ವಾಕ್ಯದಲ್ಲಿ ಡ್ರೈವರ್ ಯಾರೆಂಬುದು ಸಿಕ್ಕಿಹೋಯಿತು, ತಾರೀಖಿನ ವಾದ ಬಿದ್ದುಹೋಯಿತು. ಖಾಸಗಿ ಕಂಪನಿಗೆ ಓಡಿಸಿದವರ ಹೆಸರು ಹೇಳಲೇಬೇಕೆಂಬ ಕಾನೂನು ಅಲ್ಲಿಲ್ಲ. ಸುಳ್ಳು ಹೇಳಬೇಕಾಗಿಯೂ ಇಲ್ಲ. ‘ನಾನು ಈ ವಾಹನದ ನೋಂದಾಯಿತ ಕೀಪರ್. 4ನೇ ಪರಿಶಿಷ್ಟದ 9ನೇ ಪ್ಯಾರಾದ ಗಡುವಿನೊಳಗೆ ನೋಟಿಸು ನನಗೆ ತಲುಪಿಲ್ಲ. ಕೀಪರ್ ಹೊಣೆ ನನ್ನ ಮೇಲೆ ಬರುವುದಿಲ್ಲ. ರದ್ದು ಮಾಡಿ, ಇಲ್ಲವೇ ಸ್ವತಂತ್ರ ಮೇಲ್ಮನವಿಯ ಕೋಡ್ ಕಳಿಸಿ’ ಎಂದು ನಾಲ್ಕು ಸಾಲು ಬರೆದರೆ ಸಾಕು.

ಹದಿನೆಂಟು ನಿಮಿಷದ ವಾದ ಎರಡನೆಯ ಸಾಲಿನದು. 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಅಲ್ಲಿನ ಖಾಸಗಿ ಪಾರ್ಕಿಂಗ್ ಉದ್ಯಮದ ಏಕರೂಪ ಸಂಹಿತೆ, ಅವಧಿ ಮುಗಿದ ಮೇಲೆ ಕನಿಷ್ಠ 10 ನಿಮಿಷ ರಿಯಾಯಿತಿ ಕೊಡಬೇಕು ಎನ್ನುತ್ತದೆ. ಉಳಿದದ್ದು 8 ನಿಮಿಷ. ಕ್ಯಾಮೆರಾ ಹಿಡಿಯುವುದು ಗೇಟಿನೊಳಗೆ ಬಂದ ಮತ್ತು ಹೊರಗೆ ಹೋದ ಸಮಯವನ್ನು. ಜಾಗ ಹುಡುಕಿ ಸುತ್ತಿದ್ದು, ಹೊರಬರಲು ಸಾಲಿನಲ್ಲಿ ನಿಂತಿದ್ದು ಎಲ್ಲ ಅದರಲ್ಲೇ ಸೇರಿರುತ್ತದೆ. ಇದನ್ನು ಎತ್ತಬಹುದು, ಆದರೆ ಇದೊಂದನ್ನೇ ನೆಚ್ಚಿಕೊಳ್ಳಬಾರದು. ‘ಅಂಗಡಿಗೆ ಏನೂ ನಷ್ಟವಾಗಿಲ್ಲ, ನೂರು ಪೌಂಡ್ ಯಾಕೆ’ ಎಂಬ ವಾದವಂತೂ ಬೇಡವೇ ಬೇಡ. ಎರಡು ಗಂಟೆ ಉಚಿತವಿದ್ದ ಕಡೆ 56 ನಿಮಿಷ ಹೆಚ್ಚು ನಿಲ್ಲಿಸಿದ್ದಕ್ಕೆ ಕೇಳಿದ 85 ಪೌಂಡನ್ನು 2015ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ.

ಮೊದಲ ಮೇಲ್ಮನವಿ ಕಂಪನಿಗೇ, ನೋಟಿಸು ಬಂದ 28 ದಿನದೊಳಗೆ. 14 ದಿನದೊಳಗೇ ಹಾಕಿದರೆ ಒಳ್ಳೆಯದು. ತಿರಸ್ಕಾರವಾದರೂ 60 ಪೌಂಡಿನ ರಿಯಾಯಿತಿ ಇನ್ನೂ ಸ್ವಲ್ಪ ದಿನ ಉಳಿದಿರುತ್ತದೆ. ಅದೇ ಹೊತ್ತಿಗೆ ಸೂಪರ್ ಮಾರ್ಕೆಟ್ಟಿನ ಮ್ಯಾನೇಜರ್‌ಗೆ ಖರೀದಿಯ ಬಿಲ್ಲು ತೋರಿಸಿ ರದ್ದು ಮಾಡಿಸಿ ಎಂದು ಕೇಳಲಿ. ಜಾಗ ಅವರದು, ಕಂಪನಿ ಅವರು ಕರೆಸಿದ್ದು. ಕಂಪನಿ ಒಪ್ಪದಿದ್ದರೆ, ಅದು ಬ್ರಿಟಿಷ್ ಪಾರ್ಕಿಂಗ್ ಅಸೋಸಿಯೇಷನ್ನಿನ ಸದಸ್ಯನಾಗಿದ್ದಲ್ಲಿ ‘ಪಾಪ್ಲಾ’ ಎಂಬ ಸ್ವತಂತ್ರ ಸಂಸ್ಥೆಗೆ ಹೋಗಬಹುದು. ಕೋಡ್ ಬಂದ 28 ದಿನದೊಳಗೆ, ಶುಲ್ಕವಿಲ್ಲ. ಇನ್ನೊಂದು ಸಂಘದ ಸದಸ್ಯನಾಗಿದ್ದರೆ ಐಎಎಸ್ ಎಂಬ ವ್ಯವಸ್ಥೆ (ನಮ್ಮ ಐಎಎಸ್ ಅಲ್ಲ!), ಅದರ ಗಡುವು ತಿರಸ್ಕಾರ ಪತ್ರದಲ್ಲೇ ಇರುತ್ತದೆ. ಪಾಪ್ಲಾ ತೀರ್ಪಿಗೆ ಕಂಪನಿ ಬದ್ಧ, ಗಾಡಿಯವರು ಬದ್ಧರಲ್ಲ. ಆದರೆ ಅಲ್ಲಿಯವರೆಗೆ ಹೋದರೆ ರಿಯಾಯಿತಿ ಕೈಬಿಟ್ಟುಹೋಗುತ್ತದೆ.

ವಸೂಲಿ ಏಜೆನ್ಸಿಗಳ ಪತ್ರ ಬಂದರೆ ಹೆದರುವುದು ಬೇಡ, ಅವರು ಮನೆಯೊಳಗೆ ಕಾಲಿಡುವಂತಿಲ್ಲ. ಕೌಂಟಿ ಕೋರ್ಟಿನ ಕ್ಲೇಮ್ ಫಾರ್ಮ್ ಬಂದರೆ ಮಾತ್ರ ಸುಮ್ಮನಿರಬಾರದು. ಫಾರ್ಮ್ ತಲುಪಿದೆ ಎಂದು 14 ದಿನದೊಳಗೆ ಕೋರ್ಟಿಗೆ ತಿಳಿಸಿದರೆ, ಉತ್ತರ ಕೊಡಲು ಒಟ್ಟು 28 ದಿನ ಸಿಗುತ್ತದೆ. ಸುಮ್ಮನಿದ್ದರೆ ಏಕಪಕ್ಷೀಯ ತೀರ್ಪು. ತಿಂಗಳೊಳಗೆ ಕಟ್ಟದಿದ್ದರೆ ಅದು ಆರು ವರ್ಷ ಕ್ರೆಡಿಟ್ ದಾಖಲೆಯಲ್ಲಿ ಕೂತಿರುತ್ತದೆ. ವಿದ್ಯಾರ್ಥಿಗಳಿಗೆ ಇದು ಆಗುವುದು ಸಾಮಾನ್ಯವಾಗಿ ಬಾಡಿಗೆ ಮನೆ ಬದಲಿಸಿದಾಗ. ಕಂಪನಿ ವಿಳಾಸ ತೆಗೆದುಕೊಳ್ಳುವುದು ಅಲ್ಲಿನ ಆರ್‌ಟಿಒ ಇದ್ದಂತಿರುವ ಡಿವಿಎಲ್‌ಎಯಿಂದ. ಕಾರಿನ ವಿ5ಸಿ ಪುಸ್ತಕದಲ್ಲಿ (ನಮ್ಮ ಆರ್‌ಸಿ ಇದ್ದಂತೆ) ಹಳೇ ವಿಳಾಸವಿದ್ದರೆ ಕೋರ್ಟಿನ ಕಾಗದವೂ ಹಳೇ ಮನೆಗೇ ಹೋಗುತ್ತದೆ. ಇವತ್ತೇ ನೋಡಿಕೊಳ್ಳಲು ಹೇಳಿ.

ಪ್ರಶ್ನೆ: ತುಮಕೂರಿನ ಒಂದು ಕಾಂಪ್ಲೆಕ್ಸಿನ ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸಿದ್ದೆ. ಟೋಕನ್ ಕಳೆದುಹೋಯಿತು. 500 ರೂಪಾಯಿ ‘ಫೈನ್’ ಕಟ್ಟಿಸಿಕೊಂಡು ಬಿಟ್ಟರು. ರಸೀದಿ ಕೇಳಿದರೆ ಇಲ್ಲ ಎಂದರು. ಹಣ ವಾಪಸ್ ಪಡೆಯಬಹುದೇ?
ಒಬ್ಬ ಓದುಗರು, ಗುಬ್ಬಿ

ಉತ್ತರ: ಪ್ರಯತ್ನಿಸಬಹುದು. ‘ಫೈನ್’ ಎಂಬ ಪದಕ್ಕೇ ಅಲ್ಲಿ ಜಾಗವಿಲ್ಲ. ದಂಡ ಹಾಕುವುದು ಕಾನೂನು ಅಧಿಕಾರ ಕೊಟ್ಟವರ ಕೆಲಸ, ಪಾರ್ಕಿಂಗ್ ಗುತ್ತಿಗೆದಾರರದ್ದಲ್ಲ. ಬೋರ್ಡಿನಲ್ಲಿ ಮೊದಲೇ 500 ಎಂದು ಬರೆದಿದ್ದರೂ ಅದು ಕರಾರಿನ ಮೊತ್ತ ಅಷ್ಟೇ. ಭಾರತೀಯ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ ಬರೆದ ಮೊತ್ತ ಗರಿಷ್ಠ ಮಿತಿ, ಸಿಗುವುದು ಸಮಂಜಸವಾದ ಪರಿಹಾರ ಮಾತ್ರ. ಟೋಕನ್ ಕಳೆದವರ ಆರ್‌ಸಿ ನೋಡುವುದು, ಲೈಸೆನ್ಸ್ ಕೇಳುವುದು, ಪುಸ್ತಕದಲ್ಲಿ ಸಹಿ ಹಾಕಿಸುವುದು ಸರಿಯೇ. ಬೇರೆಯವರು ಬಂದು ನಿಮ್ಮ ಕಾರು ಒಯ್ಯಬಾರದಲ್ಲ. ಅದಕ್ಕೆ ಐದುನೂರು ಯಾವ ಲೆಕ್ಕ ಎಂದು ಅವರೇ ಹೇಳಬೇಕು.

ರಸೀದಿ ಕೊಡದಿರುವುದು ಅವರ ಇನ್ನೊಂದು ತಪ್ಪು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅದನ್ನು ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಗೆ ಸೇರಿಸಿದೆ. ಯುಪಿಐನಲ್ಲಿ ಕಟ್ಟಿದ್ದರೆ ನಿಮ್ಮ ಅದೃಷ್ಟ, ಆ ಸ್ಕ್ರೀನ್‌ಶಾಟೇ ಪುರಾವೆ, ಹಣ ಯಾರ ಖಾತೆಗೆ ಹೋಯಿತೆಂಬುದೂ ಗೊತ್ತಾಗುತ್ತದೆ. ನಗದು ಕೊಟ್ಟಿದ್ದರೆ ದರದ ಬೋರ್ಡಿನ ಫೋಟೊ, ಹೋದ ದಿನ, ಗಂಟೆ ಬರೆದಿಟ್ಟುಕೊಳ್ಳಿ. ಸಿಸಿಟಿವಿ ದೃಶ್ಯ ಅಳಿಸಬೇಡಿ ಎಂದು ಕೂಡಲೇ ಲಿಖಿತವಾಗಿ ಕೇಳಿ, ತಡಮಾಡಿದರೆ ಹಳೆಯದರ ಮೇಲೆ ಹೊಸದು ಕೂತಿರುತ್ತದೆ. ಗುತ್ತಿಗೆದಾರರಿಗೂ ಕಟ್ಟಡದ ಮಾಲೀಕರಿಗೂ ಒಂದೇ ಪತ್ರ, ಸ್ಪೀಡ್ ಪೋಸ್ಟಿನಲ್ಲಿ, 15 ದಿನದ ಗಡುವು ಕೊಟ್ಟು. ಮಾಲೀಕರನ್ನು ಬಿಟ್ಟು ಬರೀ ಗುತ್ತಿಗೆದಾರರಿಗೆ ಬರೆಯುವುದರಿಂದಲೇ ಎಷ್ಟೋ ದೂರು ಮುಂದೆ ಹೋಗುವುದಿಲ್ಲ.

ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದಕ್ಕೂ ಬಗ್ಗದಿದ್ದರೆ ತುಮಕೂರಿನ ಜಿಲ್ಲಾ ಗ್ರಾಹಕರ ಆಯೋಗ. ವಕೀಲರು ಕಡ್ಡಾಯವಲ್ಲ, 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ಘಟನೆಯಿಂದ ಎರಡು ವರ್ಷದೊಳಗೆ ದೂರು ಕೊಡಬೇಕು. ಇ-ಜಾಗೃತಿ ಪೋರ್ಟಲ್‌ನಲ್ಲೂ ಸಲ್ಲಿಸಬಹುದು. ನಮ್ಮ ಅಭಿಪ್ರಾಯ ಕೇಳಿದರೆ, 500ಕ್ಕಾದರೆ ಪತ್ರ ಮತ್ತು 1915ರವರೆಗೆ ಖಂಡಿತ ಹೋಗಿ. ಆಯೋಗದ ಮೆಟ್ಟಿಲು ಹತ್ತುವ ಮುಂಚೆ ಗುಬ್ಬಿಯಿಂದ ಓಡಾಡುವ ದಿನಗಳನ್ನೂ ಲೆಕ್ಕ ಹಾಕಿ.

‘ಮೊದಲ 30 ನಿಮಿಷ ಪಾರ್ಕಿಂಗ್ ಉಚಿತ, ಇದು ಕಾನೂನು’ ಎಂದು ವಾಟ್ಸಾಪ್‌ನಲ್ಲಿ ತಿರುಗುವ ಸಂದೇಶವನ್ನು ಪತ್ರದಲ್ಲಿ ಸೇರಿಸಬೇಡಿ. 2018ರ ಆ ಆದೇಶ ತೆಲಂಗಾಣದ್ದು.

ಪ್ರಶ್ನೆ: ಅಂಗಡಿ ಮುಂದಿನ ಖಾಸಗಿ ಜಾಗದಲ್ಲಿ ಬೈಕು ನಿಲ್ಲಿಸಿದರೆ ಚಕ್ರಕ್ಕೆ ಸರಪಳಿ ಹಾಕಿ ಹಣ ಕೇಳುತ್ತಾರೆ. ಇದು ಸರಿಯೇ?
ಓದುಗರು, ಶಿರಾ

ಉತ್ತರ: ಸರಿಯಲ್ಲ. ಜಾಗ ಅವರದೇ ಆಗಿರಬಹುದು, ನಿಲ್ಲಿಸಬೇಡಿ ಎನ್ನುವ ಹಕ್ಕೂ ಇದೆ. ಆದರೆ ಗಾಡಿ ಒತ್ತೆ ಇಟ್ಟುಕೊಂಡು ಹಣ ಕೇಳುವ ಅಧಿಕಾರವನ್ನು ಮೋಟಾರು ವಾಹನ ಕಾಯ್ದೆ ಖಾಸಗಿಯವರಿಗೆ ಕೊಟ್ಟಿಲ್ಲ. ಸರಪಳಿ, ಬೋರ್ಡು, ಸುತ್ತಲಿನ ಜಾಗ ಕಾಣುವಂತೆ ಫೋಟೊ ತೆಗೆದು 112ಕ್ಕೆ ಕರೆ ಮಾಡಿ. ಸಿಟ್ಟಿನಲ್ಲಿ ಬೀಗ ಒಡೆಯಬೇಡಿ, ಒಡೆದರೆ ನಷ್ಟ ಮಾಡಿದ ದೂರು ನಿಮ್ಮ ಮೇಲೇ ತಿರುಗುತ್ತದೆ. ತುರ್ತಿದ್ದು ಹಣ ಕೊಡಲೇಬೇಕಾಗಿ ಬಂದರೆ ಯುಪಿಐನಲ್ಲಿ ಕೊಟ್ಟು, ಟಿಪ್ಪಣಿಯ ಜಾಗದಲ್ಲಿ ‘ಆಕ್ಷೇಪಣೆಯೊಂದಿಗೆ’ ಎಂದು ಬರೆಯಿರಿ. (ತಿಪಟೂರಿನವರಿಗೆ ಹೇಳಿದ ಆ 2012ರ ಕಾಯ್ದೆಯೇ ಇಂಗ್ಲೆಂಡಿನಲ್ಲಿ ಖಾಸಗಿ ಜಾಗದ ಚಕ್ರದ ಬೀಗವನ್ನು ನಿಷೇಧಿಸಿತು.)

ಪ್ರಶ್ನೆ: ರೈಲು ನಿಲ್ದಾಣದ ಸ್ಟ್ಯಾಂಡುಗಳಲ್ಲಿ ಬೋರ್ಡಿಗಿಂತ ಹೆಚ್ಚು ಕೇಳಿದರೆ ಯಾರಿಗೆ ಹೇಳಬೇಕು? ಚೀಟಿಯ ಮೇಲೆ ‘ಮಾಲೀಕರ ಹೊಣೆ’ ಎಂದು ಅಚ್ಚಾಗಿದ್ದರೆ ಬೈಕು ಹೋದರೂ ಕೇಳುವಂತಿಲ್ಲವೇ?
ದಿನಾ ಬೆಂಗಳೂರಿಗೆ ಹೋಗಿಬರುವವರು, ತುಮಕೂರು

ಉತ್ತರ: ಹೆಚ್ಚು ಕೇಳಿದರೆ 139 ಅಥವಾ ರೈಲ್ ಮದದ್ ಆ್ಯಪ್. ಚೀಟಿಯ ಎರಡೂ ಬದಿಯ ಫೋಟೊ, ಬೋರ್ಡಿನ ಫೋಟೊ ಹಾಕಿ. ಜಗಳ ಹುಟ್ಟುವುದು ‘ದಿನ’ ಎಂದರೆ ಏನೆಂಬುದರಲ್ಲಿ. ಬೆಳಗ್ಗೆ ಏಳಕ್ಕೆ ಬಿಟ್ಟು ಮರುದಿನ ಆರಕ್ಕೆ ತೆಗೆದರೆ ಗಂಟೆ ಲೆಕ್ಕದಲ್ಲಿ ಒಂದು ದಿನ, ತಾರೀಖಿನ ಲೆಕ್ಕದಲ್ಲಿ ಎರಡು. ಯಾವುದು ಸರಿಯೆಂಬುದು ಗುತ್ತಿಗೆ ಒಪ್ಪಂದದಲ್ಲಿರುತ್ತದೆ. ತುಮಕೂರು ನಿಲ್ದಾಣ ನೈಋತ್ಯ ರೈಲ್ವೆಯ ಬೆಂಗಳೂರು ವಿಭಾಗಕ್ಕೆ ಸೇರಿದ್ದು, ಅಲ್ಲಿಗೆ 10 ರೂಪಾಯಿ ಕಟ್ಟಿ ಆರ್‌ಟಿಐ ಅರ್ಜಿ ಹಾಕಿ ದರಪಟ್ಟಿಯ ಪ್ರತಿ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು.

‘ಮಾಲೀಕರ ಹೊಣೆ’ ಎಂದು ಅಚ್ಚು ಹಾಕಿದ ಮಾತ್ರಕ್ಕೆ ಎಲ್ಲ ಮುಗಿಯುವುದಿಲ್ಲ. ಹೋಟೆಲಿನ ಸಿಬ್ಬಂದಿಗೆ ಕೀಲಿ ಕೊಟ್ಟು ನಿಲ್ಲಿಸಿದ ಕಾರು ಕಳುವಾದ ಪ್ರಕರಣದಲ್ಲಿ, ತಮ್ಮ ನಿರ್ಲಕ್ಷ್ಯವನ್ನು ಆ ಸಾಲಿನ ಹಿಂದೆ ಮುಚ್ಚಿಕೊಳ್ಳುವಂತಿಲ್ಲ ಎಂದು 2019ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಅಲ್ಲಿ ಕೀಲಿ ಹೋಟೆಲಿನವರ ಕೈಯಲ್ಲಿತ್ತು. ನೀವೇ ನಿಲ್ಲಿಸಿ, ನೀವೇ ಬೀಗ ಹಾಕಿ ಕೀಲಿ ಜೇಬಿಗಿಳಿಸಿದ್ದರೆ ವಾದ ಅಷ್ಟು ಸಲೀಸಲ್ಲ. ಟೋಕನ್ ನೋಡಿಯೇ ಹೊರಗೆ ಬಿಡುವ ಪದ್ಧತಿ ಅಲ್ಲಿತ್ತು, ಟೋಕನ್ ನಿಮ್ಮಲ್ಲೇ ಇದ್ದರೂ ಗಾಡಿ ಹೊರಗೆ ಹೋಯಿತು ಎಂದು ತೋರಿಸಬೇಕು. ಆದ್ದರಿಂದ ಚೀಟಿಯನ್ನು ಟ್ಯಾಂಕ್ ಕವರಿನಲ್ಲಿ ಸಿಕ್ಕಿಸಿ ರೈಲು ಹತ್ತಬೇಡಿ. ಕಳುವಾದರೆ ಅದೇ ದಿನ ಪೊಲೀಸ್ ದೂರು ಕೊಟ್ಟು ವಿಮಾ ಕಂಪನಿಗೂ ತಿಳಿಸಿ.

ಪ್ರಶ್ನೆ: ‘ನಿಮ್ಮ ವಾಹನಕ್ಕೆ ಪಾರ್ಕಿಂಗ್ ಚಲನ್ ಬಿದ್ದಿದೆ’ ಎಂದು ವಾಟ್ಸಾಪ್‌ನಲ್ಲಿ ಒಂದು ಫೈಲು ಬಂದಿದೆ. ಗಾಡಿ ನಂಬರು ಸರಿಯಾಗೇ ಇದೆ. ತೆರೆಯಲೇ?
ಓದುಗರು, ಮಧುಗಿರಿ

ಉತ್ತರ: ತೆರೆಯಬೇಡಿ. ಫೈಲಿನ ಹೆಸರಿನ ಕೊನೆಗೆ ಎಪಿಕೆ ಎಂದಿದ್ದರೆ ಅದು ನಿಮ್ಮ ಫೋನಿಗೆ ಹೊಕ್ಕು ಎಸ್ಸೆಮ್ಮೆಸ್, ಒಟಿಪಿ ಓದುವ ಆ್ಯಪ್ ಆಗಿರಬಹುದು. ಚಲನ್ ಇದೆಯೇ ಎಂದು ನೋಡಲು ಸರ್ಕಾರದ ಇ-ಚಲನ್ ಪರಿವಾಹನ್ ತಾಣದ ವಿಳಾಸವನ್ನು ನೀವೇ ಟೈಪ್ ಮಾಡಿ ಗಾಡಿ ನಂಬರು ಹಾಕಿ. ಆಗಲೇ ಇನ್‌ಸ್ಟಾಲ್ ಮಾಡಿಬಿಟ್ಟಿದ್ದರೆ ಮೊದಲು ಡೇಟಾ, ವೈಫೈ ಎರಡನ್ನೂ ಆಫ್ ಮಾಡಿ, ಬೇರೆ ಫೋನಿನಿಂದ ಬ್ಯಾಂಕಿಗೆ ಹೇಳಿ ಖಾತೆ ತಡೆಹಿಡಿಸಿ. ಹಣ ಹೋಗಿದ್ದರೆ 1930ಕ್ಕೆ ಕರೆ ಮಾಡಿ, ಮರುದಿನ ನೋಡೋಣ ಎನ್ನಬೇಡಿ.