ಆಸ್ಪತ್ರೆಗೆ ಕಾಲೇಜು ಬಂದದ್ದು ಯಾವಾಗ?

ಮಾನ್ಯರೇ,

ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಮೊದಲಿನಿಂದಲೂ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಾಗಿತ್ತೆಂದು ಕಳೆದ ಸಂಚಿಕೆಯಲ್ಲಿ ಬರೆದದ್ದು ತಪ್ಪು ಎಂದಿದ್ದೀರಿ. ಬಡ ರೋಗಿಯ ಹಾಸಿಗೆಯ ಸುತ್ತ ಹತ್ತು ವಿದ್ಯಾರ್ಥಿಗಳು ನಿಂತು ಕಲಿಯುವುದನ್ನು ಹೊಗಳಿದ್ದೇಕೆಂದೂ ಕೇಳಿದ್ದೀರಿ. ಮೊದಲನೆಯದು ನಮ್ಮ ತಪ್ಪೇ. ತಿದ್ದುಪಡಿ ಇದೇ ಸಂಚಿಕೆಯಲ್ಲಿದೆ. ಎರಡನೆಯದರಲ್ಲಿ ನಿಮ್ಮೊಡನೆ ವಾದಿಸಬೇಕಿದೆ.

ಆಸ್ಪತ್ರೆಗೆ ಅಡಿಗಲ್ಲು ಬಿದ್ದದ್ದು 1897ರಲ್ಲಿ, ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರಾಜ್ಯಭಾರ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ. ಮರುವರ್ಷವೇ ಊರಿಗೆ ಪ್ಲೇಗ್ ನುಗ್ಗಿತು. ಪೇಟೆಯ ಜನ ಮನೆಮಠ ಬಿಟ್ಟು ಓಡಿದ ಆ ದಿನಗಳನ್ನು ದಾಟಿ ಕಟ್ಟಡ ಮೇಲೆದ್ದಿತು. 1900ರ ಡಿಸೆಂಬರ್‌ನಲ್ಲಿ ವೈಸ್‌ರಾಯ್ ಕರ್ಜನ್ ಅದನ್ನು ಉದ್ಘಾಟಿಸಿದರು.

ಕಾಲೇಜಿನದು ಬೇರೆಯೇ ಕಥೆ. 1924ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ವೈದ್ಯಕೀಯ ಕಾಲೇಜು 1930ರಲ್ಲಿ ಮೈಸೂರಿಗೆ ಹೊರಟುಹೋಯಿತು. ಇಂದಿನ ಮೈಸೂರು ವೈದ್ಯಕೀಯ ಕಾಲೇಜು ಅದೇ. ಆಮೇಲೆ ಇಪ್ಪತ್ತೈದು ವರ್ಷ ಇಲ್ಲಿ ಕಾಲೇಜಿಲ್ಲ. ಮಿಂಟೊ ಕಣ್ಣಿನ ಆಸ್ಪತ್ರೆ ಇತ್ತು, 1935ರಲ್ಲಿ ವಾಣಿವಿಲಾಸ ಹೆರಿಗೆ ಆಸ್ಪತ್ರೆಯೂ ಬಂತು. ಆದರೆ ಈ ಊರಿನ ಹುಡುಗ ಡಾಕ್ಟರಾಗಬೇಕೆಂದರೆ ಮೈಸೂರಿಗೋ ಮದ್ರಾಸಿಗೋ ಗಂಟುಮೂಟೆ ಕಟ್ಟಬೇಕಿತ್ತು. ಆ ಕೊರತೆ ನೀಗಿದ್ದು 1955ರಲ್ಲಿ. ಖಾಸಗಿ ಶಿಕ್ಷಣ ಸಂಸ್ಥೆಯೊಂದು ತೆರೆದ ಬೆಂಗಳೂರು ವೈದ್ಯಕೀಯ ಕಾಲೇಜನ್ನು ಬೇಗನೆ ಸರ್ಕಾರ ವಹಿಸಿಕೊಂಡಿತು. ಈ ಮೂರೂ ಆಸ್ಪತ್ರೆಗಳು ಅದರ ಪಾಠಶಾಲೆಗಳಾದವು. ಜಯದೇವ ಹೃದ್ರೋಗ ಸಂಸ್ಥೆ ಮೊಳಕೆಯೊಡೆದದ್ದೂ ವಿಕ್ಟೋರಿಯಾ ಆವರಣದಲ್ಲೇ.

ಇನ್ನು ನಿಮ್ಮ ಎರಡನೆಯ ಮಾತು. ರೋಗಿಯ ಸಂಕೋಚ ದೊಡ್ಡದು. ಅವರ ಒಪ್ಪಿಗೆ ಕೇಳಲೇಬೇಕು, ಪರದೆ ಎಳೆಯಲೇಬೇಕು. ಆದರೆ ಪುಸ್ತಕ ಓದಿದ ಮಾತ್ರಕ್ಕೆ ಕೈಗೆ ತಿಳಿವಳಿಕೆ ಬರುವುದಿಲ್ಲ. ನಮ್ಮ ತಂದೆಯವರು ವಿಕ್ಟೋರಿಯಾದಲ್ಲಿ ದಾಖಲಾಗಿದ್ದಾಗ ಹಿರಿಯ ವೈದ್ಯರೊಬ್ಬರು ರೌಂಡ್ಸ್‌ಗೆ ಬಂದರು. ‘ಯಜಮಾನರೇ, ಈ ಮಗು ನಿಮ್ಮ ಹೊಟ್ಟೆ ಮುಟ್ಟಿ ನೋಡಬಹುದೇ?’ ಎಂದು ಕೇಳಿದರು. ವಿದ್ಯಾರ್ಥಿನಿಗೆ ‘ಮೊದಲು ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೋ’ ಎಂದರು. ಆಮೇಲೆ ಅವಳ ಬೆರಳುಗಳನ್ನು ಬಲಪಕ್ಕೆಯ ಕೆಳಗಿಟ್ಟು ತಂದೆಯವರಿಗೆ ಉಸಿರೆಳೆಯಲು ಹೇಳಿದರು. ಊದಿಕೊಂಡ ಲಿವರ್‌ನ ಅಂಚು ಬೆರಳಿಗೆ ತಾಗಿದ ಕ್ಷಣ ಅವಳ ಮುಖದಲ್ಲೇ ಗೊತ್ತಾಯಿತು. ‘ಸಿಕ್ಕಿತಾ ತಾಯಿ?’ ಎಂದು ಕೇಳಿದವರು ನಮ್ಮ ತಂದೆ.

ಮರುದಿನ ಬೆಳಿಗ್ಗೆ ಅವಳು ಹಾಸಿಗೆಯ ಹತ್ತಿರ ಬಂದಾಗ, ಯಾರೂ ಹೇಳದೆಯೇ ಅಂಗೈ ಉಜ್ಜಿಕೊಳ್ಳುತ್ತಿದ್ದಳು.

– ಸಂಪಾದಕ