ಪುಣೆಯಿಂದ ಮುಂಬೈ ಕಡೆ ಯಾಗಿ ಆಂಟೆನಾ ತಿರುಗಿಸಿದರೂ ಹ್ಯಾಮ್ ರೇಡಿಯೋದಲ್ಲಿ ಯಾರೂ ಸಿಗುತ್ತಿಲ್ಲ, ದಿಕ್ಕು ತಪ್ಪಾ?

ದಿಕ್ಕು ಸರಿಯಾಗೇ ಇದೆ. ಪುಣೆಯ ನಿಮ್ಮ ಹಡಪ್ಸರದಿಂದ ಮುಂಬೈ ಹೆಚ್ಚುಕಡಿಮೆ 300 ಡಿಗ್ರಿಯಲ್ಲೇ ಬರುತ್ತದೆ, ಪಶ್ಚಿಮಕ್ಕೂ ವಾಯವ್ಯಕ್ಕೂ ನಡುವೆ. ನೀವು ಬರೆದಿರುವುದು ಇಷ್ಟು: ಹೊಸ ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್, 5 ವಾಟ್ ಹ್ಯಾಂಡಿ (ಕೈಯಲ್ಲಿ ಹಿಡಿಯುವ ಸೆಟ್), ಅಳತೆ ಟೇಪು ಕತ್ತರಿಸಿ ಮಾಡಿದ ಮೂರು ಎಲಿಮೆಂಟಿನ (ಲೋಹದ ಪಟ್ಟಿಯ) ಯಾಗಿ, ಅಂದರೆ ಒಂದು ದಿಕ್ಕಿಗೆ ಗುರಿ ಇಡುವ ಆಂಟೆನಾ, ಏಳನೇ ಮಹಡಿ ಬಾಲ್ಕನಿ. ಮೊಬೈಲ್ ಕಂಪಾಸ್ ನೋಡಿ ಮುಂಬೈಗೆ ಗುರಿ ಇಟ್ಟು ಸಿಕ್ಯೂ (ಯಾರಾದರೂ ಇದ್ದೀರಾ ಅನ್ನುವ ಕರೆ) ಕರೆದಿದ್ದೀರಿ, ಉತ್ತರ ಇಲ್ಲ. ಬರುವುದೂ ಇಲ್ಲ. ನಡುವೆ ಸಹ್ಯಾದ್ರಿ ಕೂತಿದೆ ಅಲ್ವಾ?

ನೀವು ಬಳಸುವ 2 ಮೀಟರ್ ಬ್ಯಾಂಡಿನ (145 ಮೆಗಾಹರ್ಟ್ಸ್ ಆಸುಪಾಸು) ಅಲೆ ಸಾಮಾನ್ಯವಾಗಿ ನೇರ ಹೋಗುತ್ತದೆ. ಶಾರ್ಟ್‌ವೇವ್ ತರ ಮೇಲೆ ಹೋಗಿ ವಾಪಸ್ ಇಳಿಯುವುದಿಲ್ಲ. ಗಾಳಿಯಲ್ಲಿ ಒಂಚೂರು ಬಾಗುತ್ತದೆ, ಅದನ್ನೂ ಸೇರಿಸಿ ಒಂದು ಸುಲಭದ ಲೆಕ್ಕ ಇದೆ. ಆಂಟೆನಾ ಎಷ್ಟು ಮೀಟರ್ ಎತ್ತರದಲ್ಲಿದೆಯೋ ಅದರ ವರ್ಗಮೂಲಕ್ಕೆ 4.12 ಗುಣಿಸಿ, ದಿಗಂತ ಎಷ್ಟು ಕಿ.ಮೀ. ದೂರ ಅಂತ ಸಿಗುತ್ತದೆ. ನಿಮ್ಮ ಬಾಲ್ಕನಿ ನೆಲದಿಂದ 25 ಮೀಟರ್ ಅಂತ ಹಿಡಿದರೆ 20 ಕಿ.ಮೀ. ಚಿಲ್ಲರೆ. ಆ ಕಡೆಯವರೂ ಅಷ್ಟೇ ಎತ್ತರದಲ್ಲಿದ್ದರೆ ಎರಡೂ ಸೇರಿ 40. ಅದೂ ನಡುವೆ ನೆಲ ಸಪಾಟಾಗಿದ್ದರೆ. ಮುಂಬೈ ನೇರ ದಾರಿಯಲ್ಲೇ 120 ಕಿ.ಮೀ., ಅದರ ಮಧ್ಯೆ ಲೋಣಾವಳಾ ಘಾಟು, ಸಾವಿರ ಮೀಟರ್ ಮುಟ್ಟುವ ಲೋಹಗಡ, ಆಮೇಲೆ ಒಮ್ಮೆಲೇ ಕೊಂಕಣಕ್ಕೆ ಇಳಿಜಾರು. ಗುಡ್ಡದ ಅಂಚು ತಾಗಿ ಅಲೆ ಆಚೆ ಬದಿಗೆ ಸ್ವಲ್ಪ ಬಾಗುವುದು ನಿಜ. ಆದರೆ 5 ವಾಟ್ ಎಫ್‌ಎಂ ಇಟ್ಟುಕೊಂಡು ಅದನ್ನೇ ನಂಬಿ ಕೂರಬೇಡಿ.

ಈಗ ಅದೇ ಲೆಕ್ಕ ಸಿಂಹಗಡಕ್ಕೆ ಹಾಕಿ. ಸಮುದ್ರ ಮಟ್ಟದಿಂದ ಅದು 1,300 ಮೀಟರ್, ಪುಣೆ ಊರು ಸುಮಾರು 560. ಅಂದರೆ ನಮ್ಮ ತಲೆಯ ಮೇಲೆ 740 ಮೀಟರ್. ದಿಗಂತ 110 ಕಿ.ಮೀ. ದಾಟುತ್ತದೆ. ರಿಪೀಟರ್‌ಗಳನ್ನು (ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿದ್ದನ್ನು ಇನ್ನೊಂದರಲ್ಲಿ ಮತ್ತೆ ಬಿಡುವ ಸ್ಟೇಶನ್) ಗುಡ್ಡದ ನೆತ್ತಿಯಲ್ಲಿ ಇಡುವುದು ಇದಕ್ಕೇ. ಹಾಗಾಗಿ ಸದ್ಯಕ್ಕೆ ಮುಂಬೈ ಮರೆತುಬಿಡಿ. ನಿಮ್ಮ ಭಾಗದಲ್ಲಿ ಯಾವ ರಿಪೀಟರ್ ಈಗ ಚಾಲೂ ಇದೆ, ಅದು ಯಾವ ಗುಡ್ಡದ ಮೇಲಿದೆ, ಟೋನ್ (ಅದನ್ನು ತೆರೆಯಲು ಮಾತಿನ ಜೊತೆ ಕಳಿಸುವ ಸಣ್ಣ ಸ್ವರ) ಎಷ್ಟು, ಇಷ್ಟನ್ನು ಊರಿನ ಹಳೆ ಹ್ಯಾಮ್ ಒಬ್ಬರ ಹತ್ತಿರ ಕೇಳಿ ಬರೆದುಕೊಳ್ಳಿ. ಇಂಟರ್ನೆಟ್ಟಿನಲ್ಲಿ ಓಡಾಡುವ ಪಟ್ಟಿಗಳಲ್ಲಿ ಎಷ್ಟೋ ವರ್ಷದ ಹಿಂದೆ ಮಲಗಿದ ರಿಪೀಟರ್‌ಗಳೂ ಇರುತ್ತವೆ. 2 ಮೀಟರಿನಲ್ಲಿ ರಿಪೀಟರ್ ಕೇಳಿಸಿಕೊಳ್ಳುವ ಮತ್ತು ಮಾತಾಡುವ ಫ್ರೀಕ್ವೆನ್ಸಿಗೆ ಸಾಮಾನ್ಯವಾಗಿ 600 ಕಿಲೋಹರ್ಟ್ಸ್ ವ್ಯತ್ಯಾಸ. ಅದನ್ನು ಸೆಟ್ಟಿನಲ್ಲಿ ಹಾಕದಿದ್ದರೆ ನಿಮಗೆ ಎಲ್ಲರೂ ಕೇಳಿಸುತ್ತಾರೆ, ನೀವು ಮಾತ್ರ ಯಾರಿಗೂ ಕೇಳಿಸುವುದಿಲ್ಲ.

ದಿಕ್ಕಿಗಿಂತ ಮೊದಲು ನೋಡಬೇಕಾದ್ದು ಯಾಗಿಯನ್ನು ಹೇಗೆ ಹಿಡಿದಿದ್ದೀರಿ ಅಂತ. ನೀವು ಹಾಕಿದ ಫೋಟೋದಲ್ಲಿ ಎಲಿಮೆಂಟುಗಳು ಅಡ್ಡ ಇವೆ, ಹಳೆ ದೂರದರ್ಶನ ಆಂಟೆನಾ ಇದ್ದ ಹಾಗೆ. ಎಫ್‌ಎಂನಲ್ಲಿ ಮಾತಾಡುವವರದು, ರಿಪೀಟರ್‌ನದು, ಕಾರಿನ ಮೇಲಿನದು ಎಲ್ಲವೂ ನಿಂತ ಆಂಟೆನಾ. ಒಂದು ಅಡ್ಡ, ಒಂದು ನೆಟ್ಟಗೆ ಇದ್ದರೆ 20 ಡೆಸಿಬೆಲ್ ತನಕ ನಷ್ಟ ಆಗಬಹುದು, ಅಂದರೆ ನೂರರಲ್ಲಿ ಒಂದು ಪಾಲು ಉಳಿಯುತ್ತದೆ. ಮೂರು ಎಲಿಮೆಂಟಿನ ಯಾಗಿ ಕೊಡುವ ಲಾಭ ಡೈಪೋಲಿಗಿಂತ (ಒಂದೇ ಎಲಿಮೆಂಟಿನ ಸರಳ ಆಂಟೆನಾ) 5 ಡೆಸಿಬೆಲ್ ಆಸುಪಾಸು. ಅಡ್ಡ ಹಿಡಿದರೆ ಅದಷ್ಟೂ ಹೋಗಿ ಮೇಲಿಂದ ಸಾಲ. ಬೂಮನ್ನು (ಎಲಿಮೆಂಟುಗಳನ್ನು ಕೂರಿಸಿದ ಕೋಲು) ಕಾಲು ಸುತ್ತು ತಿರುಗಿಸಿ ಎಲಿಮೆಂಟುಗಳನ್ನು ನೆಟ್ಟಗೆ ನಿಲ್ಲಿಸಿ. ಅಡ್ಡ ಹಿಡಿಯುವುದು ಎಸ್‌ಎಸ್‌ಬಿಯಲ್ಲಿ (ದುರ್ಬಲ ಸಿಗ್ನಲ್ಲಿಗೆ ಒಗ್ಗುವ ಬೇರೆ ಬಗೆಯ ಪ್ರಸಾರ) ದೂರದ ಸ್ಟೇಶನ್ ಹುಡುಕುವವರಿಗೆ, ನಿಮ್ಮ ಹ್ಯಾಂಡಿಯಲ್ಲಿ ಎಸ್‌ಎಸ್‌ಬಿ ಇಲ್ಲವೇ ಇಲ್ಲ.

ನೆಟ್ಟಗೆ ನಿಲ್ಲಿಸಿದ ಮೇಲೆ ಇನ್ನೊಂದು ತೊಂದರೆ ಶುರು. ಕಬ್ಬಿಣದ ಪೈಪಿಗೆ ಬೂಮನ್ನು ನಡುವೆ ಕಟ್ಟಿದರೆ ಆ ಪೈಪೂ ಎಲಿಮೆಂಟುಗಳಿಗೆ ಸಮಾನಾಂತರವಾಗಿ ನಿಂತು ತಾನೂ ಒಂದು ಎಲಿಮೆಂಟ್ ಆಗಿಬಿಡುತ್ತದೆ, ಯಾಗಿಯ ಗುರಿ ಎಲ್ಲೆಲ್ಲೋ ಹೋಗುತ್ತದೆ. ಪಿವಿಸಿ ಪೈಪ್ ಹಾಕಿ, ಇಲ್ಲವೇ ಬೂಮನ್ನು ಹಿಂದಿನ ತುದಿಯಲ್ಲಿ, ರಿಫ್ಲೆಕ್ಟರ್ (ಹಿಂದಿನ ಎಲಿಮೆಂಟ್) ಆಚೆ ಕಟ್ಟಿ. ಬಾಲ್ಕನಿಯ ಕಬ್ಬಿಣದ ಗ್ರಿಲ್ ಕೂಡ ಇದೇ ಕೆಲಸ ಮಾಡುತ್ತದೆ. ಜೊತೆಗೆ ಮೊಬೈಲ್ ಕಂಪಾಸನ್ನೂ ಕೆಡಿಸುತ್ತದೆ, ಗ್ರಿಲ್ ಪಕ್ಕ ಹಿಡಿದರೆ ಅದು ಹೇಳುವ 300 ಡಿಗ್ರಿ ನಿಜವಾಗಿ 260 ಇರಬಹುದು. ದಿಕ್ಕನ್ನು ನಕ್ಷೆ ನೋಡಿ, ಕಣ್ಣಿಗೆ ಕಾಣುವ ಯಾವುದಾದರೂ ಗುಡ್ಡವನ್ನೋ ಟವರನ್ನೋ ಗುರುತು ಇಟ್ಟುಕೊಂಡು ತಿಳಿಯುವುದು ಒಳ್ಳೆಯದು.

ಹಾಗಂತ ದಿಕ್ಕಿನ ವಿಷಯದಲ್ಲಿ ತಲೆ ಜಾಸ್ತಿ ಕೆಡಿಸಿಕೊಳ್ಳಬೇಡಿ. ಮೂರು ಎಲಿಮೆಂಟಿನ ಯಾಗಿಯ ಕಿರಣ 60 ಡಿಗ್ರಿಯಷ್ಟು ಅಗಲ. ಹತ್ತು ಹದಿನೈದು ಡಿಗ್ರಿ ಆಚೆ ಈಚೆ ಆದರೆ ಸಿಗ್ನಲ್ ಬಲ ತೋರಿಸುವ ಎಸ್ ಮೀಟರಿಗೆ ಗೊತ್ತೂ ಆಗುವುದಿಲ್ಲ. ಒಂದು ಸಿಗ್ನಲ್ ಎಲ್ಲಿಂದ ಬರುತ್ತಿದೆ ಅಂತ ನಿಖರವಾಗಿ ಬೇಕಾದರೆ ಅದು ಜೋರಾಗಿ ಕೇಳುವ ಕಡೆ ಹುಡುಕಬೇಡಿ, ಸತ್ತುಹೋಗುವ ಕಡೆ ಹುಡುಕಿ. ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ ಎರಡೂ ಕಡೆ ಎಲ್ಲಿ ಮಂಕಾಗುತ್ತದೆ ಅಂತ ನೋಡಿ ಅದರ ಮಧ್ಯವನ್ನು ಹಿಡಿಯಿರಿ. ರಿಪೀಟರ್ ಮೇಲೆ ಯಾರಾದರೂ ಮಾತಾಡುವಾಗ ಹೀಗೆ ಪೂರ್ತಿ ಒಂದು ಸುತ್ತು ನಿಧಾನಕ್ಕೆ ತಿರುಗಿಸಿ. ಗುಡ್ಡದ ನೇರಕ್ಕಿಂತ ಮಗರಪಟ್ಟಾ ಕಡೆಯ ಯಾವುದೋ ಎತ್ತರದ ಕಟ್ಟಡದ ಕಡೆ ಹಿಡಿದಾಗ ಚೆನ್ನಾಗಿ ಕೇಳಿದರೆ ಆಶ್ಚರ್ಯ ಪಡಬೇಡಿ, ಸಿಗ್ನಲ್ ಅದಕ್ಕೆ ಬಡಿದು ಬರುತ್ತಿದೆ ಅಷ್ಟೆ. ನಿಂತ ಜಾಗವನ್ನೂ ಅರ್ಧ ಮೀಟರ್ ಬದಲಿಸಿ ನೋಡಿ. ನೇರ ಬಂದ ಅಲೆ, ಬಡಿದು ಬಂದ ಅಲೆ ಒಂದನ್ನೊಂದು ತಿಂದುಹಾಕುವ ಜಾಗ ಇರುತ್ತದೆ, ಅಲ್ಲಿಂದ ಒಂದು ಹೆಜ್ಜೆ ಸರಿದರೆ ಗಂಟೆ ಹೊಡೆದಂತೆ ಕೇಳುತ್ತದೆ.

ಕೇಬಲ್ ಬಗ್ಗೆ ಒಂದೇ ಮಾತು. ಟೆರೇಸಿನಿಂದ 20 ಮೀಟರ್ ತೆಳ್ಳನೆ ಆರ್‌ಜಿ 58 ಇಳಿಸಿದರೆ ನಿಮ್ಮ 5 ವಾಟಿನಲ್ಲಿ 2 ವಾಟ್ ಆಂಟೆನಾ ಮುಟ್ಟಿದರೆ ಪುಣ್ಯ. ದಪ್ಪ ಕೇಬಲ್ ಹಾಕಿ, ಇಲ್ಲ ಸೆಟ್ ಹಿಡಿದುಕೊಂಡು ನೀವೇ ಟೆರೇಸಿಗೆ ಹೋಗಿ.

ಇನ್ನು ಜನ ಸಿಗುವ ವಿಷಯ. ಖಾಲಿ ಫ್ರೀಕ್ವೆನ್ಸಿಯಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಸಿಕ್ಯೂ ಕರೆದರೆ ಕೇಳುವವರು ಯಾರು? ಎಲ್ಲರ ಸೆಟ್ಟೂ ಆಫ್. ನೆಟ್ (ಎಲ್ಲರೂ ರೇಡಿಯೋದಲ್ಲಿ ಸೇರುವ ಕೂಟ) ಯಾವ ಹೊತ್ತಿಗೆ ನಡೆಯುತ್ತದೆ ಅಂತ ತಿಳಿದುಕೊಂಡು, ಮೊದಲ ಕೆಲವು ಸಲ ಸುಮ್ನೆ ಕೇಳಿ. ಯಾರು ನಡೆಸುತ್ತಾರೆ, ಯಾವಾಗ ಹೊಸಬರನ್ನು ಕರೆಯುತ್ತಾರೆ ಅಂತ ಗೊತ್ತಾಗುತ್ತದೆ. ನಿಮ್ಮ ಸರದಿಯಲ್ಲಿ ಪಿಟಿಟಿ (ಮಾತಾಡುವ ಗುಂಡಿ) ಒತ್ತಿ ಅರ್ಧ ಸೆಕೆಂಡ್ ತಡೆದು ಮಾತಾಡಿ, ಇಲ್ಲದಿದ್ದರೆ ರಿಪೀಟರ್ ಏಳುವಷ್ಟರಲ್ಲಿ ನಿಮ್ಮ ಗುರುತಾದ ಕಾಲ್‌ಸೈನ್‌ನ ಮೊದಲಿನ ವಿಯು ಹಾರಿಹೋಗಿರುತ್ತದೆ. ಕಾಲ್‌ಸೈನ್, ಜಾಗ, ಹ್ಯಾಂಡಿ ಎಷ್ಟು ವಾಟು, ಯಾವ ಆಂಟೆನಾ, ಇಷ್ಟು ಹೇಳಿ ರಿಪೋರ್ಟ್ (ಎಷ್ಟು ಚೆನ್ನಾಗಿ ಕೇಳಿಸುತ್ತಿದೆ ಅಂತ) ಕೇಳಿ. ಆಂಟೆನಾ ಕೈಯಿಂದ ಮಾಡಿದ್ದು ಅಂದರೆ ಮುಗಿಯಿತು, ಹಳೆಯ ಹ್ಯಾಮ್‌ಗಳು ನಿಮ್ಮನ್ನು ಬಿಡುವುದಿಲ್ಲ. ಹಿಂದಿ, ಮರಾಠಿ, ಇಂಗ್ಲಿಷ್ ಎಲ್ಲ ನಡೆಯುತ್ತದೆ. ಇಲ್ಲಿ ಒಬ್ಬರು ಕಾಲ್‌ಸೈನ್ ಹೇಳಿದ ರಾಗದಲ್ಲೇ ಧಾರವಾಡದವರು ಅಂತ ನನಗೆ ಗೊತ್ತಾಗಿಬಿಟ್ಟಿತು, ಆಮೇಲೆ ಮಾತೆಲ್ಲ ಕನ್ನಡದಲ್ಲೇ, ಅದೂ ಪೇಢೆ ಬಗ್ಗೆ. ಒಂದು ಎಚ್ಚರಿಕೆ: ನಮ್ಮ ದೇಶದಲ್ಲಿ ಈ ಬ್ಯಾಂಡ್ 144ರಿಂದ 146 ಮೆಗಾಹರ್ಟ್ಸ್ ಮಾತ್ರ. ಅಮೆರಿಕದ ಲೆಕ್ಕಕ್ಕೆ ಮಾಡಿದ ಸೆಟ್ 148ರ ತನಕ ಬಿಡುತ್ತದೆ, ಅಲ್ಲಿಗೆ ಹೋಗಬೇಡಿ.

ರಿಪೀಟರ್ ಇಲ್ಲದೆ ನೇರ ಮಾತಾಡುವ ಆಸೆ ಇದ್ದರೆ ಎತ್ತರಕ್ಕೆ ಹತ್ತಬೇಕು. ಊರೊಳಗೆ ವೇತಾಳ ಟೇಕಡಿ ಗುಡ್ಡ ಇದೆ, ಬೋಪದೇವ ಘಾಟು ನಿಮಗೆ ದೂರವೇನಲ್ಲ. ಲೈಸೆನ್ಸಿನಲ್ಲಿ ಬರೆದ ಜಾಗ ಬಿಟ್ಟು ಬೇರೆ ಕಡೆಯಿಂದ ಪ್ರಸಾರ ಮಾಡಲು ಏನು ಷರತ್ತಿದೆ ಅಂತ ಮೊದಲು ಓದಿಕೊಳ್ಳಿ, ಪ್ರತಿಯನ್ನು ಜೇಬಿನಲ್ಲಿ ಇಟ್ಟುಕೊಳ್ಳಿ. ಪುಣೆಯಲ್ಲಿ ಸೇನೆಯ ಜಾಗಗಳು ಜಾಸ್ತಿ, ಯಾಗಿ ಹಿಡಿದವನನ್ನು ಯಾರಾದರೂ ಬಂದು ವಿಚಾರಿಸುವುದು ಸಹಜ. ಬರೀ ಕೇಳುವುದಕ್ಕಾದರೆ 145.800 ಮೆಗಾಹರ್ಟ್ಸ್ ಹಾಕಿಕೊಂಡು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ದಾಟುವ ಹೊತ್ತಿಗೆ ಕಾಯಿರಿ. 400 ಕಿ.ಮೀ. ಮೇಲೆ ಹೋಗುವ ಅದಕ್ಕೆ ಯಾವ ಘಾಟೂ ಅಡ್ಡ ಬರುವುದಿಲ್ಲ. ಅವರು ಪ್ರಸಾರ ಮಾಡುತ್ತಿದ್ದರೆ ಆ ಕೆಲವು ನಿಮಿಷ ನಿಮ್ಮ ಯಾಗಿಗೆ ಹಬ್ಬ.

ಮುಂಬೈ, ಗೋವಾ ದೂರದ ಆಸೆ ಬಿಡಬೇಕಾಗಿಲ್ಲ, ಜಾಗ ಮತ್ತು ಕಾಲ ಬದಲಿಸಿ. ಮಳೆಗೆ ಮೊದಲಿನ ಬೇಸಿಗೆಯಲ್ಲಿ ಅರಬ್ಬಿ ಸಮುದ್ರದ ಮೇಲೆ ತೇವದ ಗಾಳಿ ಕೆಳಗೆ, ಬಿಸಿ ಒಣ ಗಾಳಿ ಮೇಲೆ ಕೂತು ಅಲೆಗೆ ಒಂದು ಕಾಲುವೆ ಕೊರೆದ ಹಾಗೆ ಆಗುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಬಾಂಬೆ ಹತ್ತಿರದ 200 ಮೆಗಾಹರ್ಟ್ಸ್ ರಾಡಾರಿಗೆ ಸಾವಿರ ಮೈಲಿಗೂ ಆಚೆಯ ಅರೇಬಿಯಾ ಕಡೆಯಿಂದ ಪ್ರತಿಧ್ವನಿ ಬಂದಿದ್ದು ಹೀಗೇ. ಮುಂಗಾರು ಬಂದ ಕೂಡಲೇ ಆ ಪದರ ಕಲಸಿ ಹೋಗುತ್ತದೆ. ಘಾಟಿನ ಮೇಲೆ ಕೂತ ನಮಗೆ ಇದರ ಪಾಲು ಕಡಿಮೆ, ಕಡಲಂಚಿನವರಿಗೆ ಜಾಸ್ತಿ. ಮೇ ತಿಂಗಳಲ್ಲಿ ಗೋವಾಕ್ಕೆ ಹೋಗುವುದಿದ್ದರೆ ಯಾಗಿಯನ್ನು ಮಡಚಿ ಚೀಲಕ್ಕೆ ಹಾಕಿಕೊಳ್ಳಿ, ಅಳತೆ ಟೇಪಿನದು ಹೇಗೂ ಮಡಚುತ್ತದೆ. ಪಣಜಿ ಪಕ್ಕದ ಕಡಲ ದಡದಲ್ಲಿ ನಿಂತು 160 ಡಿಗ್ರಿಗೆ ಹಿಡಿದರೆ ಮಂಗಳೂರು 300 ಕಿ.ಮೀ. ಚಿಲ್ಲರೆ, ದಾರಿ ಬಹುಪಾಲು ನೀರಿನ ಮೇಲೆ. ಸಂಜೆ ಮತ್ತು ಬೆಳಗಿನ ಜಾವ ಆ ಕಡೆಯ ರಿಪೀಟರ್ ಫ್ರೀಕ್ವೆನ್ಸಿಗಳನ್ನು ಒಂದೊಂದಾಗಿ ಕೇಳುತ್ತಾ ಹೋಗಿ.